ಮೀಕಲಳನ್ನು ಯಾರೂ ಕೇಳಲಿಲ್ಲ

ಯೂತ್ ಮೀಟಿಂಗ್‌ನಲ್ಲಿ ಕೊಟ್ಟ ಸಂದೇಶದ ಬರಹರೂಪ
ಓದಿಕೊಳ್ಳಬೇಕಾದ ಭಾಗ: 1 ಸಮುವೇಲ 31, 2 ಸಮುವೇಲ 1, 3, 6

 

ಇವತ್ತು "ಪಕ್ಕದವರ ಕಡೆ ತಿರುಗಿ ಹೀಗೆ ಹೇಳಿ" ಅಂತ ನಾನು ಹೇಳೋದಿಲ್ಲ. ಜೋರಾಗಿ ಆಮೆನ್ ಹೇಳಿ ಅಂತಲೂ ಕೇಳಲ್ಲ. ವಿಷಯ ಅಂಥದ್ದು. ತಂದೆಯೋ ತಾಯಿಯೋ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡಾಗ ಹಿಂದೆ ಉಳಿದ ಮಗುವಿಗೆ ಏನಾಗುತ್ತೆ? ಆ ಮಗು ಬೆಳೆದು, ಕೆಲಸಕ್ಕೆ ಸೇರಿ, ಒಬ್ಬರನ್ನು ಪ್ರೀತಿಸಿ ಮದುವೆಯಾದಾಗ, ಆ ಹಳೇ ಸಾವು ಹೊಸ ಮನೆಯೊಳಗೆ ಹೇಗೆ ಬಂದು ಕೂರುತ್ತೆ? ಇದರ ಬಗ್ಗೆ ಸಭೆಯಲ್ಲಿ ಮಾತಾಡೋದು ಕಡಿಮೆ. ಆದರೆ ಸತ್ಯವೇದ ಇದನ್ನು ಮುಚ್ಚಿಟ್ಟಿಲ್ಲ.

ಕೇಳೋಕೆ ಕಷ್ಟ ಆದರೆ ಎದ್ದು ಹೊರಗೆ ಹೋಗಿ, ಸ್ವಲ್ಪ ಗಾಳಿ ತಗೊಳ್ಳಿ. ಯಾರೂ ತಪ್ಪು ತಿಳಿಯಲ್ಲ. ಇನ್ನೊಂದು, ಈಗಲೇ ನಿಮ್ಮ ಫೋನಿನಲ್ಲಿ ಒಂದು ನಂಬರ್ ಸೇವ್ ಮಾಡಿಕೊಳ್ಳಿ: 14416. ಟೆಲಿ ಮಾನಸ್ ಅಂತ. ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಿಮಗೆ ಬೇಡವಾದರೂ ಪಿಜಿಯಲ್ಲಿ ನಿಮ್ಮ ಪಕ್ಕದ ಬೆಡ್ಡಿನವರಿಗೆ ಬೇಕಾಗಬಹುದು.

ನಮ್ಮ ದೇಶದಲ್ಲಿ 2022ನೇ ಇಸವಿ ಒಂದರಲ್ಲೇ 1,70,924 ಜನ ಹೀಗೆ ತೀರಿಕೊಂಡರು. ಇದನ್ನು ಲೆಕ್ಕ ಇಡೋದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ಹೆಸರಲ್ಲೇ ಅಪರಾಧ ಇದೆ ನೋಡಿ. ನಮ್ಮ ಮಾತಲ್ಲೂ ಅಷ್ಟೇ, ಆತ್ಮ'ಹತ್ಯೆ' ಅಂತೀವಿ. ಸತ್ತವರೇ ಕೊಲೆಗಾರರು ಅನ್ನೋ ಹಾಗೆ. ಆ ಪಟ್ಟಿಯಲ್ಲಿ ಅಪ್ಪಂದಿರು ಇದ್ದಾರೆ, ಅಮ್ಮಂದಿರು ಇದ್ದಾರೆ. ಅವರ ಮಕ್ಕಳ ಪಟ್ಟಿ ಮಾತ್ರ ಎಲ್ಲೂ ಇಲ್ಲ. ಆ ಮಕ್ಕಳಲ್ಲಿ ಕೆಲವರು ಇವತ್ತು ಬೆಂಗಳೂರಿನಲ್ಲಿ ಐಟಿ ಕಂಪನಿಯಲ್ಲಿ, ಆಸ್ಪತ್ರೆಯಲ್ಲಿ, ಡೆಲಿವರಿ ಬೈಕಿನ ಮೇಲೆ ಇದ್ದಾರೆ. ಇಲ್ಲೂ ಕೂತಿರಬಹುದು.

ಸೌಲನ ಮಕ್ಕಳು

ಗಿಲ್ಬೋವ ಬೆಟ್ಟ ನಿಮಗೆಲ್ಲ ಗೊತ್ತು. ಫಿಲಿಷ್ಟಿಯರ ಮುಂದೆ ಇಸ್ರಾಯೇಲ್ ಸೋತಿತು. ಸೌಲನಿಗೆ ಬಾಣದ ಗಾಯವಾಗಿತ್ತು. ಮೂವರು ಗಂಡುಮಕ್ಕಳು ಅದೇ ದಿನ ಸತ್ತರು. ಸೌಲ ತನ್ನ ಕೈಯಾರೆ ಪ್ರಾಣ ಬಿಟ್ಟ. ಈ ಭಾಗದ ಮೇಲೆ ನಾವು ಎಷ್ಟು ಪ್ರಸಂಗ ಕೇಳಿದ್ದೀವಿ! ಅವಿಧೇಯತೆಯ ಫಲ, ಅಭಿಷೇಕ ಕಳಕೊಂಡ ಅರಸ, ಹೀಗೆ. ಎಲ್ಲಾ ಸೌಲನ ಬಗ್ಗೆ, ಇಲ್ಲಾ ದಾವೀದನ ಬಗ್ಗೆ.

ಆದರೆ ಸೌಲನಿಗೆ ಇನ್ನೂ ಮಕ್ಕಳಿದ್ದರು. ಅವರಲ್ಲಿ ಇಬ್ಬರ ಕಥೆ ಮುಂದುವರಿಯುತ್ತೆ. ಒಬ್ಬಳು ಮೀಕಲ್, ಇನ್ನೊಬ್ಬ ಈಷ್ಬೋಶೆತ್. ಇಬ್ಬರೂ ದೊಡ್ಡವರೇ. ಅಪ್ಪ ಸತ್ತಾಗ ದೊಡ್ಡವರಾಗಿರುವ ಮಕ್ಕಳಿಗೆ "ನೀನು ಚಿಕ್ಕವನಲ್ಲ, ಗಟ್ಟಿಯಾಗಿರು" ಅಂತ ಹೇಳಿ ಮುಗಿಸಿಬಿಡ್ತೀವಿ. ಅವರೊಳಗೆ ಏನಾಯ್ತು ಅಂತ ನೋಡೋಣ.

ಮೊದಲು ಒಂದು ವಿಷಯ ಗಮನಿಸಿ. ಸೌಲ ಹೇಗೆ ಸತ್ತ ಅನ್ನೋದಕ್ಕೆ ಎರಡು ಕಥೆ ಇದೆ. ಮೊದಲನೇ ಸಮುವೇಲದ ಕೊನೇ ಅಧ್ಯಾಯದಲ್ಲಿ ಅವನೇ ಪ್ರಾಣ ಬಿಟ್ಟ ಅಂತ ಬರೆದಿದೆ. ಪುಟ ತಿರುಗಿಸಿದರೆ ಒಬ್ಬ ಅಮಾಲೇಕ್ಯನು ಬಂದು, ನಾನೇ ಅವನನ್ನು ಕೊಂದೆ ಅಂತ ದಾವೀದನ ಮುಂದೆ ಹೇಳ್ತಾನೆ, ಬಹುಮಾನ ಸಿಗುತ್ತೆ ಅಂದುಕೊಂಡು. ಸೌಲನ ಮನೆಯವರ ಕಿವಿಗೆ ಯಾವ ಕಥೆ ಬಿದ್ದಿರಬಹುದು? ಬಹುಶಃ ಎರಡೂ.

ನಮ್ಮ ಮನೆಗಳಲ್ಲೂ ಇದೇ ಆಗುತ್ತೆ ಅಲ್ವಾ? ಪೊಲೀಸರಿಗೆ ಒಂದು ಕಥೆ, ನೆಂಟರಿಗೆ ಒಂದು ಕಥೆ, ಸಭೆಗೆ ಇನ್ನೊಂದು. "ಹಾರ್ಟ್ ಅಟ್ಯಾಕ್." "ಕಾಲು ಜಾರಿತು." "ಹೊಟ್ಟೆನೋವು ಬಹಳ ಇತ್ತು." ಮಗುವಿನ ಮುಂದೆ ಪಿಸುಮಾತು, ಮಗು ಹತ್ತಿರ ಬಂದರೆ ಮೌನ.

1966ರಲ್ಲಿ ಅಮೆರಿಕದ ಆಲ್ಬರ್ಟ್ ಕೇನ್ ಮತ್ತು ಐರೀನ್ ಫಾಸ್ಟ್ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು, ತಂದೆ ಅಥವಾ ತಾಯಿಯನ್ನು ಹೀಗೆ ಕಳಕೊಂಡ 45 ಮಕ್ಕಳ ಬಗ್ಗೆ ಬರೆದರು. ಅದರಲ್ಲಿ ಸುಮಾರು ಕಾಲು ಭಾಗದಷ್ಟು ಮಕ್ಕಳು ಏನನ್ನೋ ತಮ್ಮ ಕಣ್ಣಾರೆ ನೋಡಿದ್ದರು. ಮನೆಯಲ್ಲಿ ಉಳಿದ ದೊಡ್ಡವರು, "ನೀನು ನೋಡಿದ್ದು ಅದಲ್ಲ, ಅವರು ಕಾಯಿಲೆಯಿಂದ ಹೋದರು, ಅಪಘಾತ ಆಯ್ತು" ಅಂತ ಹೇಳಿಬಿಟ್ಟಿದ್ದರು. ಮುಂದೆ ಜಾನ್ ಬೌಲ್ಬಿ ಅನ್ನೋ ಇಂಗ್ಲೆಂಡಿನ ಮನೋವೈದ್ಯರು ಇದೇ ಮಕ್ಕಳ ವಿಷಯ ಎತ್ತಿ ಹೇಳಿದರು: ಹೀಗೆ ಬೆಳೆದ ಮಗು ಬೇರೆಯವರನ್ನು ನಂಬೋದಿಲ್ಲ, ತನ್ನ ಕಣ್ಣು ಕಿವಿಯನ್ನೂ ನಂಬೋದಿಲ್ಲ.

ಸುಳ್ಳು ಹೇಳಿದವರು ಕೆಟ್ಟವರೇನಲ್ಲ. ಅಷ್ಟು ಚಿಕ್ಕ ಮಗುವಿಗೆ ಹೇಗೆ ಹೇಳೋದು ಅಂತ ಪ್ರೀತಿಯಿಂದಲೇ ಮುಚ್ಚಿಟ್ಟಿರುತ್ತಾರೆ. ಆದರೆ ಆ ಮಗು ಕಲಿತ ಪಾಠ ಯಾವುದು? ಪ್ರೀತಿಸುವವರು ಹೇಳದೇ ಹೋಗ್ತಾರೆ. ಉಳಿದವರು ನಿಜ ಹೇಳಲ್ಲ. ನಾನು ಕೇಳಿದರೆ ಮನೆ ಮುರಿದುಬೀಳುತ್ತೆ. ಈ ಮೂರು ಪಾಠ ಕಲಿತ ಮಗುವೇ ಮುಂದೆ ಮದುವೆಯ ಮನೆಗೆ ಕಾಲಿಡುತ್ತೆ.

ಕಾವಲು ಕಾಯುವ ಪ್ರೀತಿ

ಈಗ ದೊಡ್ಡವರಾದ ಮೇಲಿನ ಮಾತು. ಎಲ್ಲರಿಗೂ ಒಂದೇ ಥರ ಆಗಲ್ಲ. ಎಷ್ಟೋ ಜನ ಗಟ್ಟಿಯಾದ, ನಗುವಿರುವ ಸಂಸಾರ ಕಟ್ಟಿಕೊಂಡಿದ್ದಾರೆ. ಆದರೂ ಕೆಲವು ರೀತಿಗಳು ಮತ್ತೆ ಮತ್ತೆ ಕಾಣುತ್ತವೆ.

ಒಂದು, ಕಾವಲುಗಾರನ ರೀತಿ. ಗಂಡ ಅರ್ಧ ಗಂಟೆ ಫೋನ್ ಎತ್ತಲಿಲ್ಲ ಅಂದರೆ ಬೇರೆ ಹೆಂಡತಿಯರಿಗೆ ಸಿಟ್ಟು ಬರುತ್ತೆ. ಇವಳಿಗೆ ಕೈಕಾಲು ತಣ್ಣಗಾಗುತ್ತೆ. ಲಾಸ್ಟ್ ಸೀನ್ ಎಷ್ಟು ಗಂಟೆಗೆ, ಬ್ಲೂ ಟಿಕ್ ಬಂತಾ ಅಂತ ನೋಡ್ತಾಳೆ. ಬಾತ್‌ರೂಮಿನ ಬಾಗಿಲು ಸ್ವಲ್ಪ ಹೊತ್ತು ತೆರೆಯದಿದ್ದರೆ ಹೋಗಿ ತಟ್ಟುತ್ತಾಳೆ. ಅವನಿಗೆ ಇದು ಅನುಮಾನ ಅನ್ನಿಸುತ್ತೆ. ಇವಳಿಗೆ ಇದು ಪ್ರಾಣ ಉಳಿಸುವ ಕೆಲಸ. ಒಮ್ಮೆ ಮೈಮರೆತೆ, ಅಪ್ಪ ಹೋದರು, ಇನ್ನೊಮ್ಮೆ ಮರೆಯಲ್ಲ ಅನ್ನೋ ಹಟ ಅದು.

ಎರಡು, ಮೊದಲೇ ಹೊರಟುಬಿಡುವ ರೀತಿ. ಸಂಬಂಧ ಚೆನ್ನಾಗಿ ಬೆಳೀತಾ ಇದೆ ಅನ್ನುವಾಗಲೇ ಒಂದು ಜಗಳ ಹುಡುಕಿ ಬಿಟ್ಟುಹೋಗೋದು. ಬಿಟ್ಟುಹೋಗಿಸಿಕೊಳ್ಳೋದಕ್ಕಿಂತ ತಾನೇ ಹೋಗೋದು ಮೇಲು ಅನ್ನೋ ಲೆಕ್ಕ.

ಮೂರು, ರಕ್ಷಕನ ರೀತಿ. ಕುಡಿಯುವವರನ್ನೋ ಖಿನ್ನತೆಯಲ್ಲಿ ಇರುವವರನ್ನೋ ಹುಡುಕಿ ಪ್ರೀತಿಸೋದು. ಅಮ್ಮನನ್ನು ಉಳಿಸೋಕೆ ಆಗಲಿಲ್ಲ, ಇವಳನ್ನಾದರೂ ಉಳಿಸ್ತೀನಿ ಅಂತ. ಕರುಣೆಯಿಂದ ಆದ ಮದುವೆ ಹಾಗೇ ಡ್ಯೂಟಿಯಾಗಿಬಿಡುತ್ತೆ.

ನಾಲ್ಕು, ಸಿಟ್ಟಿನ ರೀತಿ. ಸತ್ತವರ ಮೇಲೆ ಸಿಟ್ಟು ಮಾಡೋ ಹಾಗಿಲ್ಲ ಅಂತ ನಾವು ಬೆಳೆದಿದ್ದೀವಿ. ಹಾಗಾದರೆ ಆ ಸಿಟ್ಟು ಎಲ್ಲಿಗೆ ಹೋಗಬೇಕು? ಬದುಕಿರುವವರ ಮೇಲೆ ಬೀಳುತ್ತೆ.

ಈಗ ಮೀಕಲಳನ್ನು ನೋಡಿ. ಅವಳು ದಾವೀದನನ್ನು ಪ್ರೀತಿಸಿದಳು ಅಂತ ವಾಕ್ಯವೇ ಹೇಳುತ್ತೆ. ಅಪ್ಪ ದಾವೀದನನ್ನು ಕೊಲ್ಲಲು ಆಳುಗಳನ್ನು ಕಳಿಸಿದ ರಾತ್ರಿ ಕಿಟಕಿಯಿಂದ ಗಂಡನನ್ನು ಇಳಿಸಿ ಉಳಿಸಿದಳು. ಅಪ್ಪನಿಂದ ಗಂಡನನ್ನು ಕಾಯಬೇಕಾದ ಮಗಳು! ಆಮೇಲೆ ಅಪ್ಪ ಅವಳನ್ನು ಇನ್ನೊಬ್ಬನಿಗೆ ಕೊಟ್ಟ. ಆಮೇಲೆ ಗಿಲ್ಬೋವ. ಆಮೇಲೆ ರಾಜಕೀಯದ ಮಾತುಕತೆಯಲ್ಲಿ ಅವಳನ್ನು ಮತ್ತೆ ದಾವೀದನ ಹತ್ತಿರ ತಂದರು. ಆ ಎರಡನೇ ಗಂಡ ಅಳುತ್ತಾ ಹಿಂದೆ ಹಿಂದೆ ಬಂದ. ಅವನ ಕಣ್ಣೀರು ಬರೆದಿದೆ. ಮೀಕಲಳ ಕಣ್ಣೀರು ಬರೆದಿಲ್ಲ.

ಸೌಲನಿಗಾಗಿ ದಾವೀದ ಶೋಕಗೀತೆ ಹಾಡಿದ. ಅದರಲ್ಲಿ ಇಸ್ರಾಯೇಲಿನ ಹೆಣ್ಣುಮಕ್ಕಳನ್ನೆಲ್ಲ ಸೌಲನಿಗಾಗಿ ಅಳಲು ಕರೆದ. ಸೌಲನ ಸ್ವಂತ ಮಗಳನ್ನು ಕರೆದ ಅಂತ ಬರೆದಿಲ್ಲ. ನಿನಗೆ ಹೇಗಿದೆ ಅಂತ ಅವಳನ್ನು ಯಾರೂ ಕೇಳಿದ ಹಾಗೆ ಕಾಣಲ್ಲ. ಮುಂದೆ ಎರಡನೇ ಸಮುವೇಲ ಆರನೇ ಅಧ್ಯಾಯದಲ್ಲಿ ಅವಳು ಮತ್ತೆ ಕಿಟಕಿಯ ಹತ್ತಿರ ನಿಂತಿದ್ದಾಳೆ. ಕೆಳಗೆ ದಾವೀದ ಮಂಜೂಷದ ಮುಂದೆ ಕುಣೀತಾ ಇದ್ದಾನೆ. ಅವಳ ಹೃದಯದಲ್ಲಿ ತಿರಸ್ಕಾರ. ಮನೆಗೆ ಬಂದವನಿಗೆ ಚುಚ್ಚುಮಾತು. ಅವನೂ ಬಿಡಲಿಲ್ಲ, ನಿನ್ನ ತಂದೆಯನ್ನು ಬಿಟ್ಟು ದೇವರು ನನ್ನನ್ನು ಆರಿಸಿಕೊಂಡನು ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟ. ಗಂಡ ಹೆಂಡತಿ ಜಗಳದಲ್ಲಿ ಸತ್ತ ಅಪ್ಪ ಬಂದುಬಿಟ್ಟ.

ಮೀಕಲಳ ಕಹಿಗೆ ಅಪ್ಪನ ಸಾವೇ ಕಾರಣ ಅಂತ ಸತ್ಯವೇದ ಹೇಳಲ್ಲ. ನಾನೂ ಹೇಳಲ್ಲ. ಅವಳನ್ನು ಸಾಮಾನಿನ ಹಾಗೆ ಅಲ್ಲಿಂದ ಇಲ್ಲಿಗೆ ಸಾಗಿಸಿದ್ದೇ ಸಾಕಿತ್ತು. ನಾನು ಹೇಳೋದು ಇಷ್ಟೇ: ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಬರುವಷ್ಟರಲ್ಲಿ ಅವಳು ಹೊತ್ತಿದ್ದ ಭಾರದಲ್ಲಿ ಗಿಲ್ಬೋವ ಕೂಡ ಇತ್ತು. ಅದನ್ನು ಇಳಿಸಿಕೊಳ್ಳೋಕೆ ಯಾರೂ ಕೈ ಕೊಡಲಿಲ್ಲ. ನಾವು ಪ್ರಸಂಗ ಮಾಡುವಾಗಲೂ "ಆರಾಧನೆಯನ್ನು ಹೀಯಾಳಿಸಿದವಳು" ಅಂತ ಒಂದೇ ಸಾಲಲ್ಲಿ ಮುಗಿಸಿಬಿಡ್ತೀವಿ.

ಅವಳ ಸಹೋದರ ಈಷ್ಬೋಶೆತನನ್ನು ನೋಡಿ. ಅಪ್ಪನ ಕುರ್ಚಿಯಲ್ಲಿ ಅವನನ್ನು ಕೂರಿಸಿದವನು ಸೇನಾಪತಿ ಅಬ್ನೇರ. ಅಬ್ನೇರನೇ ಅವನಿಗೆ ಎಲ್ಲಾ. ಒಂದು ದಿನ ಅದೇ ಅಬ್ನೇರನ ಮೇಲೆ, ನನ್ನ ಅಪ್ಪನ ಉಪಪತ್ನಿಯ ಹತ್ತಿರ ಯಾಕೆ ಹೋದೆ ಅಂತ ಆರೋಪ. ಅಬ್ನೇರ ಸಿಟ್ಟಾದ. ಕೂಡಲೇ ಈಷ್ಬೋಶೆತ್ ಭಯದಿಂದ ಬಾಯಿ ಮುಚ್ಚಿಕೊಂಡ, ಮತ್ತೆ ಒಂದು ಮಾತೂ ಆಡಲಿಲ್ಲ. ಒಬ್ಬರ ಮೇಲೆ ಪೂರ್ತಿ ಒರಗೋದು, ಅವರನ್ನೇ ಅನುಮಾನಿಸೋದು, ಅವರು ದನಿ ಎತ್ತಿದರೆ ಕಳಕೊಂಡುಬಿಡ್ತೀನಿ ಅಂತ ಮೂಕನಾಗೋದು. ಇದನ್ನು ನೀವು ಯಾವುದಾದರೂ ರಿಲೇಷನ್‌ಶಿಪ್‌ನಲ್ಲಿ ನೋಡಿಲ್ವಾ?

ನನ್ನ ಪ್ರೀತಿ ಸಾಕಾಗಲಿಲ್ಲವೇ?

ಈ ನಾಲ್ಕು ರೀತಿಗಳ ಬೇರಿನಲ್ಲಿ ಒಂದೇ ಪ್ರಶ್ನೆ ಇದೆ. ನನಗೋಸ್ಕರವಾದರೂ ಅಪ್ಪ ಬದುಕಬಹುದಿತ್ತಲ್ಲಾ? ನಾನು ಸಾಕಾಗಲಿಲ್ಲವೇ?

ಪ್ರಿಯರೇ, ಈ ಪ್ರಶ್ನೆಗೆ "ಹಾಗೆಲ್ಲ ಯೋಚನೆ ಮಾಡಬೇಡಮ್ಮ, ಪ್ರೇಯರ್ ಮಾಡು" ಅಂತ ಉತ್ತರ ಕೊಡಬೇಡಿ. ಅದು ಉತ್ತರ ಅಲ್ಲ, ಬಾಗಿಲು ಮುಚ್ಚೋದು. ಪ್ರಶ್ನೆಯೊಳಗೆ ಒಂದು ಲೆಕ್ಕ ಇದೆ, ಆ ಲೆಕ್ಕವನ್ನೇ ನೋಡಬೇಕು. ತಕ್ಕಡಿಯ ಒಂದು ತಟ್ಟೆಯಲ್ಲಿ ಅಪ್ಪನ ನೋವು, ಇನ್ನೊಂದರಲ್ಲಿ ಮಗು. ಅಪ್ಪ ಎರಡನ್ನೂ ತೂಗಿ ನೋಡಿದ, ಮಗು ಹಗುರವಾಯಿತು, ಅಪ್ಪ ಹೋದ. ಮಗು ಜೀವನಪೂರ್ತಿ ನಂಬಿಕೊಂಡು ಬಂದಿರೋ ಚಿತ್ರ ಇದು.

ಈ ಚಿತ್ರವೇ ಸುಳ್ಳು. ಆತ್ಮಹತ್ಯೆಯ ಬಗ್ಗೆ ಜೀವಮಾನವಿಡೀ ಅಧ್ಯಯನ ಮಾಡಿದ ಎಡ್ವಿನ್ ಶ್ನೈಡ್‌ಮನ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞರು ಹೇಳೋದು ಹೀಗೆ: ತಡೆಯಲಾಗದ ಮನಸ್ಸಿನ ನೋವಿನಲ್ಲಿ ಮನುಷ್ಯನ ನೋಟ ಕಿರಿದಾಗ್ತಾ ಹೋಗುತ್ತೆ. ಸುರಂಗದೊಳಗೆ ಹೋದ ಹಾಗೆ. ಅಕ್ಕಪಕ್ಕ ಇರೋದು ಕಾಣಲ್ಲ. ಅಲ್ಲಿ ತಕ್ಕಡಿಯೇ ಇಲ್ಲ, ತೂಗುವ ಕೈಯೂ ಇಲ್ಲ. ಕೆಲವರಿಗಂತೂ "ನಾನು ಇಲ್ಲದಿದ್ದರೆ ಮಕ್ಕಳಿಗೆ ಭಾರ ಕಡಿಮೆ" ಅಂತ ತಿರುಗಾಮುರುಗಾ ಕಾಣುತ್ತೆ.

ಎಲೀಯನನ್ನು ನೆನಪು ಮಾಡಿಕೊಳ್ಳಿ. ಕರ್ಮೆಲಿನಲ್ಲಿ ಬೆಂಕಿ ಇಳಿಸಿದ ಪ್ರವಾದಿ, ಮುಂದಿನ ಅಧ್ಯಾಯದಲ್ಲೇ ಒಂದು ಗಿಡದ ಕೆಳಗೆ ಕೂತು, ಸಾಕು ನನ್ನ ಪ್ರಾಣ ತೆಗೆದುಬಿಡು ಅಂತ ಕೇಳಿಕೊಂಡ. ದೇವರ ಪ್ರೀತಿ ಅವನಿಗೆ ಕಡಿಮೆಯಾಗಿತ್ತಾ? ಇಲ್ಲ. ಆ ಹೊತ್ತಿಗೆ ಅದು ಅವನಿಗೆ ಕಾಣಲಿಲ್ಲ. ದೇವರು ಅವನಿಗೆ ಪ್ರಸಂಗ ಮಾಡಲಿಲ್ಲ, ನಂಬಿಕೆ ಎಲ್ಲಿ ಹೋಯ್ತು ಅಂತ ಬೈಯಲಿಲ್ಲ. ಮಲಗಲು ಬಿಟ್ಟನು, ರೊಟ್ಟಿ ನೀರು ಕೊಟ್ಟನು, ಮತ್ತೆ ಮಲಗಲು ಬಿಟ್ಟನು. ದೇವರ ಪ್ರೀತಿಯೇ ಕಾಣದ ಹೊತ್ತು ಒಬ್ಬ ಪ್ರವಾದಿಗೆ ಬರಬಹುದು ಅಂದಮೇಲೆ, ಹತ್ತು ವರ್ಷದ ಮಗುವಿನ ಪ್ರೀತಿ ಕಾಣಲಿಲ್ಲ ಅಂದರೆ ಅದು ಆ ಮಗುವಿನ ಕೊರತೆ ಹೇಗಾಗುತ್ತೆ?

ಹಾಗಾದರೆ ಬಿಟ್ಟುಹೋದ ಅಪ್ಪನ ಮೇಲೆ ಸಿಟ್ಟು ಮಾಡಬಾರದಾ? ಮಾಡಬಹುದು. ಕಾಯಿಲೆ ಇತ್ತು ಅಂತ ತಿಳಿದ ಮಾತ್ರಕ್ಕೆ ಗಾಯ ನೋಯದೇ ಇರಲ್ಲ. ದೇವರ ಮುಂದೆಯೇ ದೂರು ಹೇಳಿ ಅತ್ತ ಕೀರ್ತನೆಗಳು ನಮ್ಮ ಸತ್ಯವೇದದಲ್ಲಿ ಎಷ್ಟಿಲ್ಲ? ಅಪ್ಪನನ್ನು ಪ್ರೀತಿಸುತ್ತಲೇ ಅಪ್ಪನ ಮೇಲೆ ಸಿಟ್ಟಾಗಬಹುದು. ಆ ಸಿಟ್ಟನ್ನು ದೇವರ ಹತ್ತಿರ ಹೇಳಿ, ಕೌನ್ಸೆಲರ್ ಹತ್ತಿರ ಹೇಳಿ. ಹೇಳದಿದ್ದರೆ ಅದು ನಿಮ್ಮ ಹೆಂಡತಿಯ ತಟ್ಟೆಗೆ ಬೀಳುತ್ತೆ.

ಕಾಯುವವನು ಬೇರೆ ಇದ್ದಾನೆ

ಈಗ ಕಷ್ಟದ ಪ್ರಶ್ನೆ. ನನ್ನ ಪ್ರೀತಿಯಿಂದ ಒಬ್ಬರನ್ನು ಬದುಕಿಸೋಕೆ ಆಗಲ್ಲ ಅಂದರೆ ಪ್ರೀತಿ ಯಾತಕ್ಕೆ? ನನಗೆ ಜವಾಬ್ದಾರಿಯೇ ಇಲ್ವಾ?

ಫಿಲಿಪ್ಪಿಯ ಸೆರೆಮನೆಗೆ ಹೋಗೋಣ, ಅಪೊಸ್ತಲರ ಕೃತ್ಯಗಳು 16. ಭೂಕಂಪವಾಗಿ ಬಾಗಿಲೆಲ್ಲ ತೆರೆದವು. ಕೈದಿಗಳು ಓಡಿಹೋದರು ಅಂದುಕೊಂಡ ಸೆರೆಮನೆಯ ಅಧಿಕಾರಿ ಸಾಯಲು ಹೊರಟ. ಅವನು ಒಬ್ಬಂಟಿಯಲ್ಲ, ಮನೆಮಂದಿ ಇದ್ದರು. ಆ ಮನೆಯವರ ಪ್ರೀತಿ ಕಡಿಮೆ ಇದ್ದದ್ದಕ್ಕೆ ಅವನು ಹೊರಟನಾ? ಇಲ್ಲ, ಕತ್ತಲಲ್ಲಿ ಅವನಿಗೆ ತಪ್ಪಾಗಿ ಕಾಣಿಸಿತು. ಪೌಲ ಏನು ಮಾಡಿದ? ಗಟ್ಟಿಯಾಗಿ ಕೂಗಿದ. ನಿನಗೆ ಕೇಡು ಮಾಡಿಕೊಳ್ಳಬೇಡ, ನಾವೆಲ್ಲ ಇಲ್ಲೇ ಇದ್ದೀವಿ ಅನ್ನೋ ಅರ್ಥದಲ್ಲಿ. ಅಷ್ಟೇ. ಅವನು ದೀಪ ತರಿಸಿಕೊಂಡು ಒಳಗೆ ಬಂದ. ಅದೇ ರಾತ್ರಿ ಆ ಮನೆಯಲ್ಲಿ ಎಲ್ಲರೂ ಕೂತು ಊಟ ಮಾಡಿದರು.

ನಮ್ಮ ಜವಾಬ್ದಾರಿ ಅಲ್ಲಿದೆ. ಯಾರಾದರೂ ಬದುಕು ಬೇಡ ಅಂದರೆ ನೇರವಾಗಿ ಕೇಳಿ: "ಸಾಯೋ ಯೋಚನೆ ಬರ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗಲ್ಲ. ಅವರನ್ನು ಒಬ್ಬರೇ ಬಿಡಬೇಡಿ. 14416ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಕರಕೊಂಡು ಹೋಗಿ. ನಮ್ಮ ಊರಿನಲ್ಲೇ ನಿಮ್ಹಾನ್ಸ್ ಇದೆ. ಪ್ರಾರ್ಥನೆಯೂ ಮಾಡಿ, ಮಾತ್ರೆಯೂ ತಗೊಳ್ಳಲಿ. ಎರಡಕ್ಕೂ ಜಗಳ ಇಲ್ಲ.

ಆದರೆ ಇದನ್ನೆಲ್ಲ ಮಾಡೋದು ಬೇರೆ, ಇನ್ನೊಬ್ಬರ ಉಸಿರಿಗೆ ನಾನೇ ಜಾಮೀನು ಅಂತ ದಿನದ 24 ಗಂಟೆ ಬದುಕೋದು ಬೇರೆ. ಇಸ್ರಾಯೇಲನ್ನು ಕಾಯುವವನು ತೂಕಡಿಸುವುದೂ ಇಲ್ಲ, ನಿದ್ರೆ ಮಾಡುವುದೂ ಇಲ್ಲ ಅಂತ ನಾವು ಹಾಡ್ತೀವಲ್ಲ, ಅದರ ಅರ್ಥ ಏನು? ನೀನು ನಿದ್ರೆ ಮಾಡಬಹುದು ಅಂತ. ಕಾವಲಿನ ಶಿಫ್ಟ್ ನಿನ್ನದಲ್ಲ. ಪಕ್ಕದಲ್ಲಿ ಮಲಗಿರುವ ಗಂಡ ಉಸಿರಾಡ್ತಾ ಇದ್ದಾನಾ ಅಂತ ರಾತ್ರಿ ಮೂರು ಸಲ ಎದ್ದು ನೋಡುವ ತಂಗಿಗೆ ಇದು ಸುವಾರ್ತೆ.

ಮದುವೆಯ ಮಾತು

ಇನ್ನು ಪ್ರಾಯೋಗಿಕ ವಿಷಯ. ಮದುವೆಯ ಬಯೋಡೇಟಾದಲ್ಲಿ ತಂದೆಯ ಹೆಸರಿನ ಮುಂದೆ "ಲೇಟ್" ಅಂತ ಇರುತ್ತೆ. ನೋಡಲು ಬಂದವರು ಕಾಫಿ ಕುಡೀತಾ, "ಹೇಗೆ ಹೋದರು?" ಅಂತ ಕೇಳ್ತಾರೆ. ಆಗ ನಿಜ ಹೇಳಬೇಕಾ?

ನನ್ನ ಅಭಿಪ್ರಾಯ ಹೇಳ್ತೀನಿ. ಕಾಫಿ ಕುಡಿಯಲು ಬಂದ ಎಲ್ಲರಿಗೂ ನಿಮ್ಮ ಮನೆಯ ಗಾಯ ತೋರಿಸುವ ಸಾಲ ನಿಮಗಿಲ್ಲ. "ಆ ವಿಷಯ ಹುಡುಗಿ ಹತ್ತಿರ ನಾನೇ ಮಾತಾಡ್ತೀನಿ ಅಂಕಲ್" ಅಂದರೆ ಸುಳ್ಳೂ ಅಲ್ಲ, ಅಗೌರವವೂ ಅಲ್ಲ. ಆದರೆ ಯಾರ ಜೊತೆ ಜೀವನ ಕಳೆಯಬೇಕೋ ಅವರಿಗೆ ನಿಶ್ಚಿತಾರ್ಥಕ್ಕೆ ಮುಂಚೆ ನಿಮ್ಮ ಬಾಯಿಂದಲೇ ಹೇಳಿ. ಚಿಕ್ಕವರಿದ್ದಾಗ ನಿಮಗೆ ಸುಳ್ಳು ಹೇಳಿದ್ದು ಎಷ್ಟು ನೋವು ಕೊಟ್ಟಿತು ಅಂತ ನಿಮಗೇ ಗೊತ್ತು. ಅದೇ ಸುಳ್ಳಿನ ಮೇಲೆ ಹೊಸ ಮನೆ ಕಟ್ಟಬೇಡಿ. ನಾಳೆ ನಿಮ್ಮ ಮಕ್ಕಳು ತಾತ ಹೇಗೆ ಹೋದರು ಅಂತ ಕೇಳ್ತಾರೆ. ಆಗ ಇಬ್ಬರೂ ಒಂದೇ ಮಾತು ಹೇಳುವ ಹಾಗಿರಬೇಕು.

ಹುಡುಗಿ ಮನೆಯವರಿಗೆ, ಹುಡುಗನ ಮನೆಯವರಿಗೆ ಕೂಡ ಒಂದು ಮಾತು. "ಅವರ ಮನೇಲಿ ಅದು ಇದೆಯಂತೆ" ಅಂತ ಸಂಬಂಧ ಬಿಡೋರು ಇದ್ದಾರೆ. ನಮ್ಮ ಸಭೆಗಳಲ್ಲಿ ಅದಕ್ಕೆ ಇನ್ನೊಂದು ಹೆಸರು ಇಡ್ತೀವಿ: ಪೀಳಿಗೆಯ ಶಾಪ. ಯೆಹೆಜ್ಕೇಲ 18ನೇ ಅಧ್ಯಾಯ ಮನೆಗೆ ಹೋಗಿ ಓದಿ. ತಂದೆಯ ದೋಷವನ್ನು ಮಗ ಹೊರುವುದಿಲ್ಲ ಅಂತ ದೇವರು ಅಲ್ಲಿ ಖಡಾಖಂಡಿತವಾಗಿ ಹೇಳಿದ್ದಾನೆ. ಹುಟ್ಟುಕುರುಡನನ್ನು ನೋಡಿ, ಪಾಪ ಇವನದೋ ತಂದೆತಾಯಿಯದೋ ಅಂತ ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ಒಪ್ಪಲಿಲ್ಲ. ದುಃಖದಲ್ಲಿರುವ ಮಗುವಿನ ಕುತ್ತಿಗೆಗೆ ಶಾಪದ ಬೋರ್ಡ್ ನೇತುಹಾಕಬೇಡಿ.

ವೈದ್ಯಕೀಯವಾಗಿ ನಿಜ ಏನು ಅಂತಲೂ ಹೇಳ್ತೀನಿ, ಮುಚ್ಚಿಡಲ್ಲ. 2010ರಲ್ಲಿ ಐದು ಲಕ್ಷಕ್ಕೂ ಹೆಚ್ಚು ಸ್ವೀಡನ್ ಮಕ್ಕಳ ದಾಖಲೆ ನೋಡಿದ ಒಂದು ಅಧ್ಯಯನ ಪ್ರಕಟವಾಯಿತು. 18 ವರ್ಷಕ್ಕೆ ಮುಂಚೆ ತಂದೆ ಅಥವಾ ತಾಯಿಯನ್ನು ಹೀಗೆ ಕಳಕೊಂಡವರಲ್ಲಿ ಅದೇ ರೀತಿಯ ಸಾವಿನ ಅಪಾಯ, ತಂದೆತಾಯಿ ಇಬ್ಬರೂ ಇರುವ ಮಕ್ಕಳಿಗಿಂತ ಸುಮಾರು ಮೂರು ಪಟ್ಟು ಇತ್ತು. ಹಾಗಂದರೂ ಬಹುಪಾಲು ಮಕ್ಕಳು ಆ ದಾರಿ ಹಿಡಿಯಲಿಲ್ಲ. ಅಪ್ಪನಿಗೆ ಶುಗರ್ ಇದ್ದರೆ ಮಗ ಆಗಾಗ ಚೆಕ್ ಮಾಡಿಸಿಕೊಳ್ತಾನೆ ಅಲ್ವಾ? ಇದೂ ಹಾಗೇ. ಮನಸ್ಸು ತುಂಬಾ ದಿನ ಕುಗ್ಗಿದರೆ ಬೇಗ ಡಾಕ್ಟರ್ ಹತ್ತಿರ ಹೋಗಬೇಕು. ಎಚ್ಚರ ಬೇಕು, ಹಣೆಬರಹ ಅಂದುಕೊಳ್ಳೋದು ಬೇಡ.

ಇಂಥವರನ್ನು ಮದುವೆಯಾದವರಿಗೆ ಮೂರು ಮಾತು. ಜಗಳವಾದಾಗ ಬಾಗಿಲು ಬಡಿದು, ಹೇಳದೇ ಹೊರಗೆ ಹೋಗಬೇಡಿ. "ಸಿಟ್ಟು ಬಂದಿದೆ, ಒಂದು ರೌಂಡ್ ಹೋಗಿ ಒಂಬತ್ತು ಗಂಟೆಗೆ ಬರ್ತೀನಿ" ಅನ್ನಿ, ಒಂಬತ್ತಕ್ಕೆ ಬನ್ನಿ. ಎರಡನೆಯದು, ಎಷ್ಟೇ ಸಿಟ್ಟಿದ್ದರೂ "ಸತ್ತು ಹೋಗ್ತೀನಿ" ಅನ್ನೋದನ್ನು ಮಾತಿನ ಅಸ್ತ್ರ ಮಾಡಿಕೊಳ್ಳಬೇಡಿ. ನಿಜವಾಗಿ ಹಾಗನ್ನಿಸಿದರೆ ಜಗಳದ ಹೊರಗೆ ಹೇಳಿ, ಸಹಾಯ ತಗೊಳ್ಳಿ. ಮೂರನೆಯದು, ಆ ತಾರೀಖು ನೆನಪಿಟ್ಟುಕೊಳ್ಳಿ. ಆ ದಿನ ದೊಡ್ಡ ಮಾತು ಬೇಡ, ಜೊತೆಗಿದ್ದರೆ ಸಾಕು.

ಅಪ್ಪ ಅಮ್ಮನನ್ನು ಕಳಕೊಂಡ ನಿಮಗೂ ಒಂದು ಮಾತು. ನಿಮ್ಮ ಭಯ ನಿಜ, ಆದರೆ ಅದು ನಿಮ್ಮ ಗಂಡನೋ ಹೆಂಡತಿಯೋ ತೀರಿಸಬೇಕಾದ ಸಾಲ ಅಲ್ಲ. "ಎಲ್ಲಿದ್ದೀಯಾ, ಯಾಕೆ ಎತ್ತಲಿಲ್ಲ" ಅಂತ ಕೂಗೋದಕ್ಕೆ ಬದಲು, "ಫೋನ್ ಎತ್ತದಿದ್ದಾಗ ನನಗೆ ಅಪ್ಪನ ದಿನ ನೆನಪಾಗುತ್ತೆ" ಅಂತ ಹೇಳಿ ನೋಡಿ. ಮೊದಲನೆಯದಕ್ಕೆ ಜಗಳ ಉತ್ತರ. ಎರಡನೆಯದಕ್ಕೆ ಅವರು ಪಕ್ಕಕ್ಕೆ ಬಂದು ಕೂರ್ತಾರೆ.

ಯಾಬೇಷ್ ಗಿಲ್ಯಾದಿನವರು

ಕೊನೆಯದಾಗಿ ಸಭೆ. "ಪಾಸ್ಟರ್, ನಮ್ಮ ಅಪ್ಪ ಎಲ್ಲಿದ್ದಾರೆ?" ಈ ಪ್ರಶ್ನೆ ಕೇಳೋಕೆ ಎಷ್ಟೋ ಜನ ಹೆದರ್ತಾರೆ, ಏನು ಉತ್ತರ ಬರುತ್ತೋ ಅಂತ. ಜೀವ ಕೊಡುವವನು, ತಗೊಳ್ಳುವವನು ದೇವರೇ. ಆ ಹಕ್ಕು ನಮ್ಮದಲ್ಲ ಅಂತಲೇ ನಾನು ಬೋಧಿಸ್ತೀನಿ. ಹಾಗೆಯೇ ತೀರ್ಪಿನ ಕುರ್ಚಿಯೂ ನಮ್ಮದಲ್ಲ. ಸತ್ಯವೇದ ಸೌಲನ ಸಾವನ್ನು ಹೇಳಿದೆ, ಆಮೇಲಿನ ಕಡತವನ್ನು ನಮ್ಮ ಕೈಗೆ ಕೊಟ್ಟಿಲ್ಲ. ಕತ್ತಲಲ್ಲಿ ಕಣ್ಣು ಕಾಣದವನನ್ನು ಹೇಗೆ ನ್ಯಾಯತೀರಿಸಬೇಕು ಅಂತ ಕಲ್ವಾರಿಯ ದೇವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನಮ್ಮ ದೇಶದ ಕಾನೂನೇ ಬದಲಾಗಿದೆ. ಸಾಯಲು ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತ ಭಾವಿಸಬೇಕು, ಅವರಿಗೆ ಆರೈಕೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತೆ. ಕೋರ್ಟಿಗಿರುವ ಕರುಣೆ ಸಭೆಗೆ ಬೇಡವಾ?

ಸೌಲ ಸತ್ತ ಮೇಲೆ ಸರಿಯಾದ ಕೆಲಸ ಮಾಡಿದವರು ಯಾಬೇಷ್ ಗಿಲ್ಯಾದಿನವರು. ಶತ್ರುಗಳು ಗೋಡೆಗೆ ತೂಗುಹಾಕಿದ್ದ ಶವಗಳನ್ನು ರಾತ್ರಿಯೆಲ್ಲಾ ನಡೆದುಹೋಗಿ ತಂದರು. ಎಲುಬುಗಳನ್ನು ಮರದ ಕೆಳಗೆ ಹೂಣಿಟ್ಟರು. ಏಳು ದಿನ ಉಪವಾಸವಿದ್ದರು. ಅವನು ಹೇಗೆ ಸತ್ತ, ಯಾಕೆ ಸತ್ತ, ಅರ್ಹನಾ ಅಲ್ವಾ ಅಂತ ಚರ್ಚೆ ಮಾಡಿದ್ದು ಬರೆದಿಲ್ಲ. ಹಿಂದೊಮ್ಮೆ ಅವನು ತಮ್ಮ ಊರನ್ನು ಉಳಿಸಿದ್ದನ್ನು ಅವರು ಮರೆತಿರಲಿಲ್ಲ. ಕೊನೇ ದಿನ ಒಂದರಿಂದ ಇಡೀ ಬದುಕನ್ನು ಅಳೆಯಲಿಲ್ಲ.

ನಮ್ಮ ಯೂತ್‌ನಿಂದ ನಾನು ಕೇಳೋದು ಇದೇ. ಇಂಥ ಮನೆಗೆ ಹೋಗಿ. ಮೂರನೇ ದಿನಕ್ಕೆ ನಿಲ್ಲಿಸಬೇಡಿ, ಮೂರನೇ ತಿಂಗಳೂ ಹೋಗಿ, ಮೂರನೇ ವರ್ಷವೂ ಫೋನ್ ಮಾಡಿ. "ಹೇಗಾಯ್ತು" ಅಂತ ವಿಚಾರಣೆ ಬೇಡ. "ನಿಮ್ಮ ಅಪ್ಪ ಹೇಗಿದ್ರು, ಏನು ಇಷ್ಟ ಆಗ್ತಿತ್ತು ಅವರಿಗೆ?" ಅಂತ ಕೇಳಿ. ಎಷ್ಟೋ ವರ್ಷದಿಂದ ಆ ಹೆಸರನ್ನೇ ಯಾರೂ ಅವರ ಮುಂದೆ ಎತ್ತಿರಲ್ಲ. ಫಾದರ್ಸ್ ಡೇ ದಿನ ಎಲ್ಲರೂ ಸ್ಟೇಟಸ್ ಹಾಕುವಾಗ ಒಂದು ಮೆಸೇಜ್ ಕಳಿಸಿ. ಮೀಕಲಳಿಗೆ ಅಷ್ಟು ಮಾಡುವವರು ಒಬ್ಬರಿದ್ದಿದ್ದರೆ ಅನ್ನಿಸುತ್ತೆ ನನಗೆ.

ಎಲ್ಲರೂ ತಲೆಬಾಗೋಣ, ಪ್ರಾರ್ಥಿಸೋಣ.

ಕರ್ತನೇ, ಅಪ್ಪನನ್ನು ಅಮ್ಮನನ್ನು ಹೀಗೆ ಕಳಕೊಂಡ ಮಕ್ಕಳು ಇಲ್ಲಿದ್ದಾರೆ. ಅವರ ಹೆಸರು ನಿನಗೆ ಗೊತ್ತು. ಸಾಕಾಗಲಿಲ್ಲ ಅನ್ನೋ ಆ ಮಾತನ್ನು ಅವರ ಎದೆಯಿಂದ ತೆಗೆದುಹಾಕು. ಅವರು ಯಾರನ್ನು ಪ್ರೀತಿಸುತ್ತಾರೋ ಅವರ ಮುಂದೆ ನಿಜ ಹೇಳುವ ಧೈರ್ಯ ಕೊಡು. ಈ ಹೊತ್ತಿನಲ್ಲಿ ಸಾಯೋಣ ಅನ್ನಿಸುತ್ತಿರುವವರು ಇದ್ದರೆ, ಅವರು ಈ ರಾತ್ರಿ ಒಬ್ಬರ ಹತ್ತಿರವಾದರೂ ಬಾಯಿ ಬಿಟ್ಟು ಹೇಳುವ ಹಾಗೆ ಮಾಡು. ಕೇಳಿಸಿಕೊಳ್ಳುವವರು ನಾವಾಗಿರೋಣ. ಕಾವಲು ಕಾದು ದಣಿದವರಿಗೆ ಇವತ್ತು ನಿದ್ರೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.